ಲೋಹ ಸಲ್ಫೈಡ್ ತೆಳುಪದರಗಳಿಗೆ ಕಡಿಮೆ ಖರ್ಚಿನ ವಿಧಾನಗಳು: ನಮ್ಮ ಬಿಸಿಲು ಸೀಮೆಯ ಪ್ರಯೋಗಾಲಯಕ್ಕೆ ಯಾವುದು ಹೊಂದುತ್ತದೆ?

ಪ್ರಾಜೆಕ್ಟ್ ಹಂಚಿಕೆಯಾದ ವಾರದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳು ಬಂದು ಕೇಳುವ ಪ್ರಶ್ನೆ ವರ್ಷ ವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಸರ್, ಸಲ್ಫೈಡ್ ಫಿಲ್ಮ್ ಮಾಡುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ವಿಧಾನ ಯಾವುದು?" ಸಲ್ಫೈಡ್ ಫಿಲ್ಮ್ ಎಂದರೆ ಗಾಜಿನ ಮೇಲೆ ಕೂರಿಸಿದ, ಲೋಹ ಮತ್ತು ಗಂಧಕದ ಸಂಯುಕ್ತದ ತೆಳುಪದರ. ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಬಳ್ಳಾರಿಯಂಥ ಊರಿನಲ್ಲಿ, ನಿರ್ವಾತ ಯಂತ್ರವಿಲ್ಲದೆ ಒಂದು ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆಳೆಯುವ ಕಪಾಟು), ಎರಡು ಹಾಟ್ ಪ್ಲೇಟ್, ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇಷ್ಟನ್ನೇ ನಂಬಿಕೊಂಡು ಆರು ತಿಂಗಳೊಳಗೆ ಕೆಲಸ ಮುಗಿಸಬೇಕಾದ ಹುಡುಗ ಹುಡುಗಿಯರಿಗೆ ಆ ಮಾತಿನಿಂದ ಏನೂ ದಕ್ಕುವುದಿಲ್ಲ. ಆದ್ದರಿಂದ ನಾನು ಅವರಿಗೆ ಮರಳಿ ಒಂದು ಪ್ರಶ್ನೆ ಹಾಕುತ್ತೇನೆ: ನಿಮ್ಮ ಪ್ರಯೋಗಾಲಯದಲ್ಲಿ ನೀರು, ಕರೆಂಟು, ಶಾಖ, ಗಾಳಿ ಈ ನಾಲ್ಕರಲ್ಲಿ ಯಾವುದನ್ನು ನೀವು ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿ ಇಟ್ಟುಕೊಳ್ಳಬಲ್ಲಿರಿ? ಸಂಶೋಧನಾ ಲೇಖನಗಳಲ್ಲಿ ಅಚ್ಚಾಗುವ ದಕ್ಷತೆಯ ಅಂಕಿಗಳಿಗಿಂತ ಈ ಪ್ರಶ್ನೆಗೆ ಸಿಗುವ ಉತ್ತರವೇ ವಿಧಾನದ ಆಯ್ಕೆಯನ್ನು ಸರಿಯಾಗಿ ನಿರ್ಧರಿಸುತ್ತದೆ ಎಂಬುದು ನನ್ನ ಅನುಭವ.

ಇಲ್ಲಿ ಹೋಲಿಸುತ್ತಿರುವುದು ಕೆಮಿಕಲ್ ಬಾತ್ (ಗಾಜನ್ನು ಒಂದೇ ದ್ರಾವಣದಲ್ಲಿ ನಿಲ್ಲಿಸಿಡುವುದು), ಸಿಲಾರ್ (ಎರಡು ದ್ರಾವಣಗಳಲ್ಲಿ ಸರದಿಯಂತೆ ಅದ್ದುವುದು), ಸ್ಪ್ರೇ ಪೈರಾಲಿಸಿಸ್ (ಕಾದ ಗಾಜಿನ ಮೇಲೆ ಎರಚುವುದು), ಎಲೆಕ್ಟ್ರೋಡೆಪೊಸಿಷನ್ (ವಿದ್ಯುತ್ ಹರಿಸಿ ಕೂರಿಸುವುದು) ಮತ್ತು ಸ್ಪಿನ್ ಕೋಟಿಂಗ್ (ತಿರುಗುವ ಗಾಜಿನ ಮೇಲೆ ಹರಡುವುದು) ಎಂಬ ಐದು ವಿಧಾನಗಳನ್ನು. ಇವುಗಳಿಂದ ತಯಾರಾಗುವ ವಸ್ತುಗಳು ಹಲವು. 2.42 ಎಲೆಕ್ಟ್ರಾನ್ ವೋಲ್ಟ್ ಬ್ಯಾಂಡ್ ಗ್ಯಾಪ್ (ವಸ್ತು ಹೀರಬಲ್ಲ ಬೆಳಕಿನ ಕನಿಷ್ಠ ಶಕ್ತಿ) ಇರುವ ಹಳದಿ ಕ್ಯಾಡ್ಮಿಯಂ ಸಲ್ಫೈಡ್ ಸೌರಕೋಶಗಳಲ್ಲಿ ಬೆಳಕನ್ನು ಒಳಗೆ ಬಿಡುವ ಪದರವಾಗಿ ದಶಕಗಳಿಂದ ಬಳಕೆಯಲ್ಲಿದೆ, ಸುಮಾರು 0.4 ಎಲೆಕ್ಟ್ರಾನ್ ವೋಲ್ಟಿನ ಸೀಸದ ಸಲ್ಫೈಡ್ ಅವಕೆಂಪು ಕಿರಣಗಳನ್ನು ಗುರುತಿಸುವ ಸಾಧನಗಳಿಗೆ ಬೇಕಾಗುತ್ತದೆ, ಸುಮಾರು 1.3ರ ತವರದ ಸಲ್ಫೈಡ್, 1.7ರ ಆಸುಪಾಸಿನ ಆಂಟಿಮನಿ ಸಲ್ಫೈಡ್, 1.5ರ ತಾಮ್ರ-ಸತು-ತವರ ಸಲ್ಫೈಡ್ ಬಿಸಿಲನ್ನು ಹೀರುವ ಪದರಗಳು. ಬಿಸಿಲಿಗೇನೂ ಕೊರತೆಯಿಲ್ಲದ ನಮ್ಮ ಕಡೆಯ ವಿದ್ಯಾರ್ಥಿಗಳು ಈ ಕೊನೆಯ ಮೂರರತ್ತ ಒಲಿಯುವುದು ಸಹಜ.

ಐದೂ ವಿಧಾನಗಳ ಬೇರಿನಲ್ಲಿರುವ ಸಮಸ್ಯೆ ಒಂದೇ. ಕ್ಯಾಡ್ಮಿಯಂ ಲವಣದ ದ್ರಾವಣಕ್ಕೆ ಸೋಡಿಯಂ ಸಲ್ಫೈಡ್ ದ್ರಾವಣವನ್ನು ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಹಳದಿ ಗಸಿ ತಳಕ್ಕೆ ಇಳಿಯುತ್ತದೆ, ಗಾಜಿನ ಮೇಲೆ ಪದರವೇ ಕೂರುವುದಿಲ್ಲ. ಲೋಹದ ಅಯಾನು ಮತ್ತು ಸಲ್ಫೈಡ್ ಅಯಾನುಗಳ ಈ ಅವಸರದ ಕೂಟವನ್ನು ತಡೆದು, ಅದು ನಿಧಾನವಾಗಿ, ಅದರಲ್ಲೂ ಗಾಜಿನ ಮೈಮೇಲೆಯೇ ನಡೆಯುವಂತೆ ಮಾಡುವುದೇ ಇಡೀ ಕಸುಬು. ಕೆಮಿಕಲ್ ಬಾತ್ ಈ ಕೆಲಸವನ್ನು ಅಮೋನಿಯಾ ಮತ್ತು ಥಯೋಯೂರಿಯಾ (ಗಂಧಕವಿರುವ ಸಾವಯವ ವಸ್ತು) ಇವುಗಳ ಕೈಯಲ್ಲಿ ಮಾಡಿಸುತ್ತದೆ. ಸಿಲಾರ್ ಎರಡು ಅಯಾನುಗಳನ್ನು ಬೇರೆ ಬೇರೆ ಬೀಕರ್‌ಗಳಲ್ಲಿ ಇಟ್ಟು ಮಾಡುತ್ತದೆ. ಸ್ಪ್ರೇಯಲ್ಲಿ ಕಾದ ಗಾಜನ್ನು ಮುಟ್ಟುವವರೆಗೆ ಥಯೋಯೂರಿಯಾ ಒಡೆಯುವುದಿಲ್ಲ. ಎಲೆಕ್ಟ್ರೋಡೆಪೊಸಿಷನ್‌ನಲ್ಲಿ ವಿದ್ಯುದಾಗ್ರದ ಮೇಲ್ಮೈ ಬಿಟ್ಟು ಬೇರೆಲ್ಲೂ ಎಲೆಕ್ಟ್ರಾನ್ ಸಿಗುವುದಿಲ್ಲ. ಯಾವ ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದೂ ಈ ತಡೆ ಎಲ್ಲಿ ಸಡಿಲಗೊಳ್ಳುತ್ತದೆ ಎಂಬುದರಿಂದಲೇ ತಿಳಿಯುತ್ತದೆ.

ಕೆಮಿಕಲ್ ಬಾತ್: ಒಂದು ಬೀಕರ್ ಸಾಕು, ಗಸಿ ಮಾತ್ರ ವಿಪರೀತ

ಸಲ್ಫೈಡ್ ಪದರಗಳ ಮಟ್ಟಿಗೆ ಬಹಳ ಹಳೆಯ ವಿಧಾನ ಇದು. ಥಯೋಯೂರಿಯಾವನ್ನು 1869ರಲ್ಲಿ ಮೊದಲು ತಯಾರಿಸಿದ ಎಮರ್ಸನ್ ರೆನಾಲ್ಡ್ಸ್, 1884ರಲ್ಲಿ ಅದೇ ವಸ್ತುವಿನಿಂದ ಗಾಜಿನ ಮೇಲೆ ಸೀಸದ ಸಲ್ಫೈಡಿನ ಪದರ ಕೂರಿಸಿದರು. ಇವತ್ತಿಗೂ ಮೂಲ ಪಾಕ ಹೆಚ್ಚು ಬದಲಾಗಿಲ್ಲ. ಕ್ಯಾಡ್ಮಿಯಂ ಸಲ್ಫೈಡಿಗಾದರೆ ಕ್ಯಾಡ್ಮಿಯಂ ಲವಣದ ದುರ್ಬಲ ದ್ರಾವಣಕ್ಕೆ ಅಮೋನಿಯಾ ಸೇರಿಸುತ್ತೇವೆ. ಮೊದಲ ಹನಿಗಳಿಗೆ ಬಿಳಿ ಹೈಡ್ರಾಕ್ಸೈಡ್ ಕಟ್ಟುತ್ತದೆ, ಇನ್ನಷ್ಟು ಸೇರಿಸಿದಾಗ ಅದು ಕರಗಿ ದ್ರಾವಣ ಮತ್ತೆ ತಿಳಿಯಾಗುತ್ತದೆ. ಹೀಗೆ ಅಮೋನಿಯಾದ ಹಿಡಿತಕ್ಕೆ ಸಿಕ್ಕ ಕ್ಯಾಡ್ಮಿಯಂ ಅಯಾನು ಒಂದೊಂದಾಗಿ ಮಾತ್ರ ಬಿಡುಗಡೆಯಾಗುತ್ತದೆ. ಪಿಎಚ್ 10ರಿಂದ 11ರ ನಡುವೆ, 60ರಿಂದ 80 ಡಿಗ್ರಿ ಶಾಖದಲ್ಲಿ ಥಯೋಯೂರಿಯಾ ಕೂಡ ತನ್ನ ಗಂಧಕವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ.

ಇದನ್ನು ಕಣ್ಣಾರೆ ನೋಡುವುದು ಒಂದು ಪಾಠ. ಥಯೋಯೂರಿಯಾ ಹಾಕಿದ ಮೇಲೆ ಕೆಲವು ನಿಮಿಷ ಏನೂ ಆಗದಂತೆ ಕಾಣುತ್ತದೆ. ಬೀಕರಿನ ಹಿಂದೆ ಬಿಳಿ ಹಾಳೆ ಹಿಡಿದರೆ ಮಾತ್ರ ನೀರಿಗೆ ನಿಂಬೆಯ ಬಣ್ಣದ ಸುಳಿವು ಹತ್ತಿರುವುದು ತಿಳಿಯುತ್ತದೆ. ಆ ಹೊತ್ತಿಗಾಗಲೇ ಬೀಕರಿನಲ್ಲಿ ನಿಲ್ಲಿಸಿದ ಗಾಜಿನ ಸ್ಲೈಡಿನ ಮೇಲೆ, ಅಯಾನಿನ ಪಕ್ಕ ಅಯಾನು ಕೂತು, ಉಜ್ಜಿದರೂ ಹೋಗದ ಪದರ ಬೆಳೆಯುತ್ತಿರುತ್ತದೆ. ಬಳಿಕ ದ್ರಾವಣ ಅರಿಶಿನ ಕದಡಿದ ನೀರಿನಂತಾಗಿ ಆಚೆ ಬದಿ ಕಾಣದಂತಾಗುತ್ತದೆ. ಅಲ್ಲಿಂದ ಮುಂದೆ ಸ್ಲೈಡಿಗೆ ಅಂಟುವುದು ದ್ರಾವಣದಲ್ಲೇ ಹುಟ್ಟಿದ ಕಣಗಳ ಗುಂಪು. ಅದು ಪುಡಿಪುಡಿಯಾಗಿ, ಬೆರಳು ತಾಗಿದರೆ ಎದ್ದು ಬರುತ್ತದೆ. ಸ್ಲೈಡನ್ನು ಬೀಕರಿನ ಗೋಡೆಗೆ ಓರೆಯಾಗಿ ಒರಗಿಸಿದ್ದರೆ ಮೇಲ್ಮುಖದ ಮೈಯ ಮೇಲೆ ಗಸಿ ಕೂತಿರುತ್ತದೆ, ಕೆಳಮುಖದ ಮೈ ಕನ್ನಡಿಯಂತೆ ನುಣುಪಾಗಿರುತ್ತದೆ. ಕೆಳಮುಖದ್ದನ್ನು ಉಳಿಸಿಕೊಂಡು, ಮೇಲ್ಮುಖದ್ದನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯಿಂದ ಫ್ಯೂಮ್ ಹುಡ್ ಒಳಗೆ ಒರೆಸಿ ತೆಗೆಯಬೇಕು. ನೂರು ನ್ಯಾನೊಮೀಟರ್ ಒಳಗಿನ, ಸೂಜಿ ತೂತುಗಳಿಲ್ಲದ ಪದರ ಬೇಕಾದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಒಳ್ಳೆಯದನ್ನು ಕೊಡುವ ಬೇರೆ ವಿಧಾನ ನನಗೆ ಗೊತ್ತಿಲ್ಲ.

ಆದರೆ ಲೆಕ್ಕ ಹಾಕಿ ನೋಡಿದಾಗ ಮನಸ್ಸು ಮುದುಡುತ್ತದೆ. 100 ಮಿಲಿಲೀಟರ್ ಬಾತ್‌ನಲ್ಲಿ 0.01 ಮೋಲಾರ್ ಕ್ಯಾಡ್ಮಿಯಂ ಇದ್ದರೆ ಒಳಗಿರುವ ಕ್ಯಾಡ್ಮಿಯಂ ಸುಮಾರು 112 ಮಿಲಿಗ್ರಾಂ. 7.5 ಸೆಂಟಿಮೀಟರ್ ಉದ್ದ, 2.5 ಸೆಂಟಿಮೀಟರ್ ಅಗಲದ ಒಂದು ಸ್ಲೈಡಿನ ಎರಡೂ ಮೈಗೆ 100 ನ್ಯಾನೊಮೀಟರ್ ದಪ್ಪದ ಪದರ ಕೂತರೆ ಅದರಲ್ಲಿರುವ ಕ್ಯಾಡ್ಮಿಯಂ 1.4 ಮಿಲಿಗ್ರಾಂ. ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಪದರವಾಯಿತು, ಮಿಕ್ಕದ್ದೆಲ್ಲ ಬೀಕರಿನ ಗೋಡೆಗೆ ಮತ್ತು ಗಸಿಗೆ ಹೋಯಿತು. ಒಂದೇ ಬಾತ್‌ನಲ್ಲಿ ನಾಲ್ಕು ಸ್ಲೈಡ್ ನಿಲ್ಲಿಸಿದರೂ ಈ ಪಾಲು ಶೇಕಡಾ ಐದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪದರ ದಪ್ಪವಾಗಬೇಕಾದರೆ ಬಾತ್ ಬದಲಿಸಿ ಎರಡನೆಯ, ಮೂರನೆಯ ಸಲ ಅದ್ದಬೇಕು, ಏಕೆಂದರೆ ಅಯಾನುಗಳು ಗಸಿಯಾಗಿ ತೀರಿಹೋದ ಮೇಲೆ ಬೆಳವಣಿಗೆ ತಾನಾಗಿ ನಿಂತುಬಿಡುತ್ತದೆ. ಗಸಿಯೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ನಮ್ಮ ಬೇಸಿಗೆ ಈ ವಿಧಾನಕ್ಕೆ ಇನ್ನೊಂದು ಬಗೆಯ ತೊಡಕು ತರುತ್ತದೆ. ಲೇಖನಗಳಲ್ಲಿ ಬರೆಯುವ "ಕೋಣೆಯ ತಾಪಮಾನ" ಎಂದರೆ ಸಾಮಾನ್ಯವಾಗಿ 25 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ತಾಪಮಾನ 40 ದಾಟುವ ಬಳ್ಳಾರಿ, ರಾಯಚೂರುಗಳಲ್ಲಿ ಫ್ಯಾನ್ ಕೆಳಗಿನ ಮೇಜೂ ಅಷ್ಟು ತಣ್ಣಗಿರುವುದಿಲ್ಲ. ಬಾತ್‌ನಿಂದ ಅಮೋನಿಯಾ ಆವಿಯಾಗಿ ಹೋದಂತೆ ಪಿಎಚ್ ಇಳಿಯುತ್ತದೆ, ಅಮೋನಿಯಾದ ಹಿಡಿತ ತಪ್ಪಿದ ಕ್ಯಾಡ್ಮಿಯಂ ಒಮ್ಮೆಲೇ ಗಸಿಯಾಗುತ್ತದೆ. ಆದ್ದರಿಂದ ಬೀಕರಿನ ಬಾಯಿ ಮುಚ್ಚಿರಲೇಬೇಕು. ಅಮೋನಿಯಾ ಬಾಟಲಿಯೊಳಗೂ ಬಿಸಿಗೆ ಒತ್ತಡ ಏರಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಅದನ್ನು ತಣ್ಣೀರಿನಲ್ಲಿಟ್ಟು ತಂಪು ಮಾಡದೆ ಮುಚ್ಚಳ ತಿರುಗಿಸಬಾರದು. ತಿರುಗಿಸುವಾಗ ಮುಖ ದೂರವಿರಬೇಕು, ಕನ್ನಡಕ ಹಾಕಿರಬೇಕು. ಆಂಟಿಮನಿ ಸಲ್ಫೈಡ್ ಮಾಡಹೊರಟವರ ಪಾಡು ಇನ್ನೂ ಬಿಗಿ. ಅಸಿಟೋನಿನಲ್ಲಿ ಕರಗಿಸಿದ ಆಂಟಿಮನಿ ಕ್ಲೋರೈಡನ್ನು ಸೋಡಿಯಂ ಥಯೋಸಲ್ಫೇಟ್ ಜೊತೆ ಸೇರಿಸುವ ಆ ಬಾತ್ ಸುಮಾರು 10 ಡಿಗ್ರಿಯಲ್ಲಿ ಇರಬೇಕು. ಅದನ್ನು ನವೆಂಬರಿನಿಂದ ಜನವರಿಯೊಳಗೆ, ಐಸ್ ತುಂಬಿದ ತೊಟ್ಟಿಯಲ್ಲಿ ಬೀಕರ್ ಇಟ್ಟು ಮುಗಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಸಿಲಾರ್: ನಾಲ್ಕು ಬೀಕರ್ ಮತ್ತು ತಾಳ್ಮೆ

1985ರಲ್ಲಿ ನಿಕೊಲಾವು ಎಂಬ ವಿಜ್ಞಾನಿ ವಿವರಿಸಿದ ಈ ವಿಧಾನ ಭಾರತದಲ್ಲಿ ಹರಡಿದ್ದರಲ್ಲಿ ನಮ್ಮ ನೆರೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ತಂಡಗಳ ಪಾಲು ದೊಡ್ಡದು. ಅವರ ವಿಮರ್ಶಾ ಲೇಖನವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಗಿದೆ, ಯಾರಾದರೂ ಹಣ ಕೊಡದೆ ಓದಬಹುದು. ವಿಧಾನ ಇಷ್ಟೇ: ಸ್ಲೈಡನ್ನು ಲೋಹದ ಅಯಾನಿರುವ ಬೀಕರಿನಲ್ಲಿ ಅದ್ದುವುದು, ಶುದ್ಧ ನೀರಿನಲ್ಲಿ ತೊಳೆಯುವುದು, ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಅದ್ದುವುದು, ಮತ್ತೆ ತೊಳೆಯುವುದು. ಮೊದಲ ಬೀಕರಿನಲ್ಲಿ ಗಾಜಿನ ಮೈಗೆ ಅಂಟಿದ ಅಯಾನುಗಳ ಪದರ ಮೂರನೆಯದರಲ್ಲಿ ಸಲ್ಫೈಡ್ ಆಗುತ್ತದೆ. ಪ್ರತಿ ಹಂತಕ್ಕೆ 20 ಸೆಕೆಂಡ್ ಹಿಡಿದರೆ ಒಂದು ಸುತ್ತಿಗೆ 80 ಸೆಕೆಂಡ್, ನೂರು ಸುತ್ತಿಗೆ ಎರಡು ಗಂಟೆ ಹದಿಮೂರು ನಿಮಿಷ.

ಕೈಯಿಂದ ಮಾಡಿದವರಿಗೆ ಮಾತ್ರ ಆ ಎರಡು ಗಂಟೆಯ ಉದ್ದ ಗೊತ್ತು. ಎಪ್ಪತ್ತನೆಯ ಸುತ್ತಿನ ಹೊತ್ತಿಗೆ ತೊಳೆಯುವ 20 ಸೆಕೆಂಡ್ ತಿಳಿಯದಂತೆ 12ಕ್ಕೆ ಇಳಿದಿರುತ್ತದೆ. ಸರಿಯಾಗಿ ತೊಳೆಯದ ಸ್ಲೈಡ್ ಮುಂದಿನ ಬೀಕರಿಗೆ ಹೋದಾಗ ಅಂಟದೆ ಉಳಿದ ಅಯಾನುಗಳು ಅಲ್ಲಿಯೇ ಗಸಿ ಕಟ್ಟುತ್ತವೆ, ಪದರದ ಕೆಳ ಅಂಚಿನಲ್ಲಿ ಕಪ್ಪು ಗೆರೆಯೊಂದು ಮೂಡುತ್ತದೆ. ಆ ಗೆರೆಯನ್ನು ಕಂಡಾಗಲೆಲ್ಲ ನಾನು ವಿದ್ಯಾರ್ಥಿಯನ್ನು ಬೈಯುವುದಿಲ್ಲ, ಯಂತ್ರ ಮಾಡಿಕೊಳ್ಳಲು ಹೇಳುತ್ತೇನೆ. ಒಂದು ಆರ್ಡುಯಿನೊ ಬೋರ್ಡ್ (ಮೋಟಾರುಗಳನ್ನು ನಡೆಸುವ ಪುಟ್ಟ ನಿಯಂತ್ರಕ), ಎರಡು ಸ್ಟೆಪ್ಪರ್ ಮೋಟಾರ್, ಹಳೆಯ ಪ್ರಿಂಟರಿನ ಸರಳು ಇಷ್ಟರಿಂದ ಅದ್ದುವ ಕೈಯೊಂದನ್ನು ಎಲೆಕ್ಟ್ರಾನಿಕ್ಸ್ ಓದುವ ಗೆಳೆಯರು ಒಂದು ವಾರದಲ್ಲಿ ಕಟ್ಟಿಕೊಡುತ್ತಾರೆ. ಅದು 12 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತದೆ ಎಂಬುದು, ಯಾವಾಗ ಕರೆಂಟ್ ಹೋಗುತ್ತದೋ ಹೇಳಲಾಗದ ಊರುಗಳಲ್ಲಿ ಸಣ್ಣ ಅನುಕೂಲವೇನಲ್ಲ. ಹಾಟ್ ಪ್ಲೇಟಿನ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ.

ಸಿಲಾರ್‌ಗೆ ಸಂಬಂಧಿಸಿ ಪಾಠಪುಸ್ತಕಗಳು ಒತ್ತಿ ಹೇಳದ ಎರಡು ಸಂಗತಿಗಳಿವೆ. ಸೋಡಿಯಂ ಸಲ್ಫೈಡಿನ ಹಳದಿ ಹಳಕುಗಳು ಗಾಳಿಯ ತೇವ ಹೀರಿ ನೀರಾಗುತ್ತವೆ, ಅದರ ದ್ರಾವಣ ಗಾಳಿಗೆ ಸಿಕ್ಕಿ ನಿಧಾನವಾಗಿ ಥಯೋಸಲ್ಫೇಟಿನತ್ತ ಸರಿಯುತ್ತದೆ. ನಿನ್ನೆ ಮಾಡಿಟ್ಟ ದ್ರಾವಣದಿಂದ ಇವತ್ತು ಅದೇ ದಪ್ಪದ ಪದರ ಸಿಗುವುದಿಲ್ಲ, ಪ್ರತಿದಿನ ಹೊಸದನ್ನೇ ಮಾಡಿಕೊಳ್ಳಬೇಕು. ಎರಡನೆಯದು ತವರಕ್ಕೆ ಸೇರಿದ್ದು. ತವರದ ಕ್ಲೋರೈಡ್ ಬರಿಯ ನೀರಿನಲ್ಲಿ ಹಾಲಿನಂತೆ ಕದಡುವುದರಿಂದ ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸುವುದು ವಾಡಿಕೆ. ಆ ಆಮ್ಲ ಸ್ಲೈಡಿನ ಜೊತೆ ಸೋಡಿಯಂ ಸಲ್ಫೈಡ್ ಬೀಕರಿಗೆ ಸಾಗಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಕೊಳೆತ ಮೊಟ್ಟೆಯ ಆ ವಾಸನೆಯನ್ನು ಮೂಗು ಮೊದಲು ಬೇಗ ಹಿಡಿಯುತ್ತದೆ, ಅನಿಲ ಹೆಚ್ಚಾದಾಗಲೇ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ವಾಸನೆ ನಿಂತಿತು ಎಂದು ನೆಮ್ಮದಿಪಡುವುದು ಪ್ರಾಣಕ್ಕೆ ಎರವಾಗಬಹುದು. ತವರದ ಕೆಲಸವನ್ನು ಹುಡ್ ಇಲ್ಲದ ಮೇಜಿನ ಮೇಲೆ ಇಡಲೇಬೇಡಿ.

ಲೋಹದ ಉಳಿತಾಯದಲ್ಲಿ ಸಿಲಾರ್ ಬಾತ್‌ಗಿಂತ ಎಷ್ಟೋ ಮೇಲು, ಏಕೆಂದರೆ ಮೊದಲ ಬೀಕರಿನ ದ್ರಾವಣ ಗಸಿಯಾಗದೆ ಉಳಿದು ಹತ್ತಾರು ಸ್ಲೈಡುಗಳಿಗೆ ಬರುತ್ತದೆ. ಆದರೆ ನೀರನ್ನು ಅದು ಯಥೇಚ್ಛವಾಗಿ ಬೇಡುತ್ತದೆ. ತೊಳೆಯುವ ಎರಡು ಬೀಕರುಗಳನ್ನು ಹತ್ತು ಹದಿನೈದು ಸುತ್ತಿಗೊಮ್ಮೆ ಬದಲಿಸಿದರೆ ದಿನಕ್ಕೆ ಕೆಲವು ಲೀಟರ್ ಬಟ್ಟಿ ಇಳಿಸಿದ ನೀರು ಖಾಲಿಯಾಗುತ್ತದೆ.

ನೀರಿನ ವಿಷಯ

ಇಲ್ಲಿ ನನ್ನ ಒಂದು ಸೋಲನ್ನು ಹೇಳಬೇಕು. ಒಂದು ಬೇಸಿಗೆಯಲ್ಲಿ ನಮ್ಮ ಡಿಸ್ಟಿಲೇಷನ್ ಘಟಕ ಕೆಟ್ಟಿದ್ದಾಗ ಹೊರಗಿನಿಂದ ಕ್ಯಾನಿನಲ್ಲಿ ತರಿಸಿದ "ಡಿಸ್ಟಿಲ್ಡ್ ವಾಟರ್" ಬಳಸಿದೆವು. ಅದುವರೆಗೆ ತಪ್ಪದೆ ಬರುತ್ತಿದ್ದ ಹಳದಿ ಪದರದ ಮೇಲೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಥಯೋಯೂರಿಯಾ ಹಳೆಯದಾಗಿದೆ ಎಂದು ಹೊಸ ಬಾಟಲಿ ತರಿಸಿದೆವು, ಸ್ಲೈಡ್ ತೊಳೆಯುವ ಕ್ರಮ ಬದಲಿಸಿದೆವು, ಮೂರು ವಾರ ಕಳೆದವು. ಕೊನೆಗೆ ಒಬ್ಬ ವಿದ್ಯಾರ್ಥಿನಿ ಪದವಿ ತರಗತಿಯಲ್ಲಿ ಮಾಡಿದ ಲವಣ ವಿಶ್ಲೇಷಣೆಯನ್ನು ನೆನಪಿಸಿಕೊಂಡು ಆ ನೀರಿಗೆ ಅಮೋನಿಯಾ ಹಾಕಿ, ಒಂದಿಷ್ಟು ಅಮೋನಿಯಂ ಆಕ್ಸಲೇಟ್ ಸೇರಿಸಿದಳು. ಪರೀಕ್ಷಾ ನಳಿಕೆಯೊಳಗೆ ಬಿಳಿ ಮೋಡ ಕಟ್ಟಿತು. ನೀರಿನಲ್ಲಿ ಕ್ಯಾಲ್ಸಿಯಂ ಇತ್ತು; ನಮ್ಮ ಕ್ಷಾರೀಯ ಬಾತ್‌ನಲ್ಲಿ ಅದು ಗಾಳಿಯ ಕಾರ್ಬನ್ ಡೈಆಕ್ಸೈಡಿನೊಂದಿಗೆ ಸೇರಿ ಸುಣ್ಣವಾಗಿ ಇಳಿಯುತ್ತಿತ್ತು. ಅಂದಿನಿಂದ ಪ್ರತಿ ಕ್ಯಾನಿಗೂ ಈ ಎರಡು ನಿಮಿಷದ ಪರೀಕ್ಷೆ ಮಾಡುತ್ತೇವೆ, ವಾಹಕತೆಯನ್ನೂ ಅಳೆದು ಬರೆದಿಡುತ್ತೇವೆ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತಿರುವುದೇ. ಬೀಕರನ್ನು ಕೊನೆಯ ಸಲ ನಲ್ಲಿಯ ನೀರಿನಲ್ಲಿ ತೊಳೆದು ಒಣಗಿಸಿದರೂ ಸಾಕು, ಅದರ ಗುರುತು ಪದರದಲ್ಲಿ ಉಳಿಯುತ್ತದೆ.

ಗಾಳಿಯ ದೂಳಿನ ಬಗ್ಗೆ ಒಂದು ಮಾತು ಸಾಕು. ಸಂಡೂರು, ಬಳ್ಳಾರಿ ಕಡೆಯ ಅದಿರಿನ ಕೆಂಪು ದೂಳು ತೊಳೆದಿಟ್ಟ ಸ್ಲೈಡಿನ ಮೇಲೆ ರಾತ್ರಿಯೊಳಗೆ ಕೂರುತ್ತದೆ, ಒಂದೊಂದು ಕಣವೂ ಪದರದಲ್ಲಿ ಒಂದೊಂದು ತೂತಾಗುತ್ತದೆ. ಸ್ಲೈಡುಗಳನ್ನು ತೊಳೆದ ದಿನವೇ ಬಳಸಬೇಕು, ಅಲ್ಲಿಯವರೆಗೆ ಮುಚ್ಚಿದ ಡಬ್ಬಿಯಲ್ಲಿ ನಿಲ್ಲಿಸಿಡಬೇಕು.

ಸ್ಪ್ರೇ ಪೈರಾಲಿಸಿಸ್: ಅಗಲ ಬೇಕಾದವರಿಗೆ

1966ರಲ್ಲಿ ಚೇಂಬರ್ಲಿನ್ ಮತ್ತು ಸ್ಕಾರ್ಮನ್ ಕ್ಯಾಡ್ಮಿಯಂ ಸಲ್ಫೈಡಿನ ಮೇಲೆ ತೋರಿಸಿಕೊಟ್ಟ ಈ ವಿಧಾನದಲ್ಲಿ ಲೋಹದ ಕ್ಲೋರೈಡ್ ಮತ್ತು ಥಯೋಯೂರಿಯಾ ಕರಗಿದ ದ್ರಾವಣವನ್ನು ಒತ್ತಡದ ಗಾಳಿಯಿಂದ ಹನಿಹನಿಯಾಗಿ ಒಡೆದು, 250ರಿಂದ 450 ಡಿಗ್ರಿವರೆಗೆ ಕಾಯಿಸಿದ ಗಾಜಿನ ಮೇಲೆ ಎರಚುತ್ತಾರೆ. ಹನಿ ಗಾಜು ಮುಟ್ಟುವ ಹೊತ್ತಿಗೆ ನೀರು ಆರಿ, ಉಳಿದ ಲವಣ ಒಡೆದು ಸಲ್ಫೈಡ್ ಆಗುತ್ತದೆ. ಶಾಖಕ್ಕೆ ಗಂಧಕ ಹಾರಿಹೋಗುವುದರಿಂದ ಥಯೋಯೂರಿಯಾವನ್ನು ಲೆಕ್ಕಕ್ಕಿಂತ ಹೆಚ್ಚೇ ಹಾಕುವುದು ರೂಢಿ. ಅರ್ಧ ಗಂಟೆಯೊಳಗೆ ಅಂಗೈಯಗಲದ ಪದರ, ಅದೂ ಅರ್ಧ ಮೈಕ್ರೋಮೀಟರಿಗೂ ದಪ್ಪವಾಗಿ ಸಿಗುತ್ತದೆ. ಬೇರೊಂದು ಲೋಹವನ್ನು ಚಿಟಿಕೆಯಷ್ಟು ಬೆರೆಸುವುದೆಂದರೆ ಅದರ ಲವಣವನ್ನು ದ್ರಾವಣಕ್ಕೆ ಸೇರಿಸಿದರಾಯಿತು. ತಾಮ್ರ-ಸತು-ತವರ ಸಲ್ಫೈಡಿನಂಥ ನಾಲ್ಕು ಮೂಲವಸ್ತುಗಳ ಸಂಯುಕ್ತವನ್ನು ಒಂದೇ ಏಟಿಗೆ ಕೂರಿಸಲು ಇದಕ್ಕೆ ಸಾಟಿಯಿಲ್ಲ.

ಕಷ್ಟವಿರುವುದು ಶಾಖದ ಹಿಡಿತದಲ್ಲಿ. ಹಾಟ್ ಪ್ಲೇಟಿನ ಮುಖದಲ್ಲಿ 350 ಎಂದು ತೋರಿಸಿದರೂ ಗಾಜಿನ ಮೇಲ್ಮೈ ಹತ್ತಾರು ಡಿಗ್ರಿ ಕಡಿಮೆ ಇರುತ್ತದೆ, ಎರಚಲು ಬಿದ್ದಾಗ ಇನ್ನೂ ಇಳಿಯುತ್ತದೆ. ಆದ್ದರಿಂದ ಶಾಖ ಅಳೆಯುವ ಥರ್ಮೋಕಪಲ್ ತಂತಿ ಗಾಜಿನ ಮೇಲೆಯೇ ಕೂತಿರಬೇಕು, ಕೆಲವು ಸೆಕೆಂಡ್ ಎರಚಿ ಶಾಖ ಮರಳುವವರೆಗೆ ನಿಲ್ಲಿಸಬೇಕು. ತವರದ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು: ಶಾಖ ತಪ್ಪಿದರೆ ಒಂದು ತವರ, ಒಂದು ಗಂಧಕದ ಸಲ್ಫೈಡಿನ ಬದಲು ಗಂಧಕ ಹೆಚ್ಚಿರುವ ಬೇರೆ ಸಲ್ಫೈಡುಗಳು ಬೆರೆಯುತ್ತವೆ, ಬಹಳ ಏರಿದರೆ ಗಾಳಿಯ ಆಮ್ಲಜನಕ ಸೇರಿ ಆಕ್ಸೈಡ್ ಆಗಿಬಿಡುತ್ತದೆ. ಸಾವಿರ ವ್ಯಾಟ್ ಮೀರಿದ ಪ್ಲೇಟನ್ನು ಸಾಮಾನ್ಯ ಯುಪಿಎಸ್ ಹೊರುವುದಿಲ್ಲ. ನಡುವೆ ಕರೆಂಟ್ ಹೋದರೆ ಹನಿಗಳು ಒಡೆಯದೆ ಹಸಿಹಸಿಯಾಗಿ ಕೂತು ಆ ಪದರ ಕೆಟ್ಟಿತೆಂದೇ ಅರ್ಥ. ಜನರೇಟರ್ ಇಲ್ಲದ ಕಾಲೇಜಿನಲ್ಲಿ ಸ್ಪ್ರೇಯನ್ನು ಮುಖ್ಯ ವಿಧಾನವಾಗಿ ಇಟ್ಟುಕೊಳ್ಳಬೇಡಿ.

ವ್ಯರ್ಥದ ಲೆಕ್ಕ ಇಲ್ಲಿಯೂ ಇದೆ. 0.05 ಮೋಲಾರ್ ತವರದ ದ್ರಾವಣ 50 ಮಿಲಿಲೀಟರ್ ಎರಚಿದರೆ ಆಗಬೇಕಾದ ಸಲ್ಫೈಡ್ ಸುಮಾರು 377 ಮಿಲಿಗ್ರಾಂ. 10 ಸೆಂಟಿಮೀಟರ್ ಚೌಕದ ಗಾಜಿನ ಮೇಲೆ 500 ನ್ಯಾನೊಮೀಟರ್ ಪದರ ಕೂತರೆ ಅದರ ತೂಕ 26 ಮಿಲಿಗ್ರಾಂ. ಮಿಕ್ಕದ್ದು ಗಾಳಿಗೆ, ಹುಡ್‌ನ ಗೋಡೆಗೆ, ಜೊತೆಗೆ ಕ್ಲೋರೈಡಿನಿಂದ ಹುಟ್ಟುವ ಹೈಡ್ರೋಜನ್ ಕ್ಲೋರೈಡ್ ಆವಿ ಬೇರೆ. ಬಾತ್‌ನ ಗಸಿಯಾದರೂ ಬಾಟಲಿಯಲ್ಲಿ ನಿಲ್ಲುತ್ತದೆ, ಇಲ್ಲಿಯ ವ್ಯರ್ಥ ಉಸಿರಿಗೆ ಸಿಗುತ್ತದೆ. ಈ ಕಾರಣಕ್ಕೆ ಕ್ಯಾಡ್ಮಿಯಂ ಮತ್ತು ಸೀಸವನ್ನು ನಮ್ಮಂಥ ಪ್ರಯೋಗಾಲಯಗಳಲ್ಲಿ ಸ್ಪ್ರೇ ಮಾಡಕೂಡದು ಎಂಬುದು ನನ್ನ ಖಚಿತ ನಿಲುವು, ಅದರ ಮೇಲೆ ನೂರಾರು ಲೇಖನಗಳಿದ್ದರೂ.

ಎಲೆಕ್ಟ್ರೋಡೆಪೊಸಿಷನ್ ಮತ್ತು ಸ್ಪಿನ್ ಕೋಟಿಂಗ್

ಎಲೆಕ್ಟ್ರೋಡೆಪೊಸಿಷನ್‌ನ ದೊಡ್ಡ ಗುಣ ಲೆಕ್ಕಕ್ಕೆ ಸಿಗುವುದು. ಹರಿದ ವಿದ್ಯುದಾವೇಶದಿಂದ ಕೂತ ವಸ್ತುವಿನ ಪ್ರಮಾಣವನ್ನು ಫ್ಯಾರಡೆಯ ನಿಯಮದಿಂದ ತೆಗೆಯಬಹುದು. ತಾಮ್ರವಾದರೆ, ಹರಿದದ್ದೆಲ್ಲ ಅದಕ್ಕೇ ಬಳಕೆಯಾದಾಗ, ಚದರ ಸೆಂಟಿಮೀಟರಿಗೆ ಒಂದು ಕೂಲಂಬ್ ಎಂದರೆ ಸುಮಾರು 370 ನ್ಯಾನೊಮೀಟರ್. ದ್ರಾವಣ ಮರುಬಳಕೆಗೆ ಬರುತ್ತದೆ, ವ್ಯರ್ಥ ಐದರಲ್ಲೇ ಕನಿಷ್ಠ. ಆದರೆ ವಿದ್ಯುದಾಗ್ರದ ವೋಲ್ಟೇಜನ್ನು ಹದದಲ್ಲಿಡುವ ಪೊಟೆನ್ಷಿಯೋಸ್ಟಾಟ್ ಎಂಬ ಉಪಕರಣ ಬೇಕು, ಜೊತೆಗೆ ಪ್ರತಿ ಮಾದರಿಗೂ ಫ್ಲೋರಿನ್ ಬೆರೆತ ತವರದ ಆಕ್ಸೈಡ್ ಲೇಪಿಸಿದ, ವಿದ್ಯುತ್ ಹರಿಯುವ ಎಫ್‌ಟಿಒ ಗಾಜು ಬೇಕು. "ಕಡಿಮೆ ಖರ್ಚು" ಎಂಬ ಮಾತು ಈ ಗಾಜಿನ ಬಿಲ್ ಬಂದಾಗ ಸಡಿಲವಾಗುತ್ತದೆ. ಗಂಧಕಕ್ಕೆ ಬಳಸುವ ಥಯೋಸಲ್ಫೇಟ್ ಆಮ್ಲ ಹೆಚ್ಚಾದರೆ ಒಡೆದು ಬಿಳಿ ಗಂಧಕವಾಗಿ ಕದಡುತ್ತದೆ, ಆದ್ದರಿಂದ ಪಿಎಚ್ ಮೇಲೆ ಕಣ್ಣಿರಬೇಕು. ಸಲ್ಫೈಡನ್ನೇ ನೇರವಾಗಿ ಕೂರಿಸುವ ಬದಲು ತಾಮ್ರ, ತವರ, ಸತುವಿನ ಪದರಗಳನ್ನು ಒಂದರ ಮೇಲೊಂದು ಕೂರಿಸಿ ಆಮೇಲೆ ಗಂಧಕದ ಆವಿಯಲ್ಲಿ 500 ಡಿಗ್ರಿ ದಾಟಿ ಕಾಯಿಸುವುದು ಇನ್ನೊಂದು ದಾರಿ. ಅದಕ್ಕೆ ಟ್ಯೂಬ್ ಫರ್ನೇಸ್, ನೈಟ್ರೋಜನ್ ಸಿಲಿಂಡರ್, ಹೊರಬರುವ ಅನಿಲವನ್ನು ಕ್ಷಾರದಲ್ಲಿ ಹಾಯಿಸುವ ವ್ಯವಸ್ಥೆ ಬೇಕು. ವಿಧಾನದ ಹೆಸರಿನಲ್ಲಿ ಕಾಣಿಸದ ಈ ಖರ್ಚನ್ನು ಪ್ರಾಜೆಕ್ಟ್ ಪ್ರಸ್ತಾವನೆ ಬರೆಯುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಒಂದು ಉಪಾಯವಿದೆ. ಸ್ಪ್ರೇ ವ್ಯವಸ್ಥೆ ಇರುವವರು ಎಫ್‌ಟಿಒ ಗಾಜನ್ನು ತಾವೇ ಮಾಡಿಕೊಳ್ಳಬಹುದು. ತವರದ ಕ್ಲೋರೈಡಿಗೆ ಅಮೋನಿಯಂ ಫ್ಲೋರೈಡ್ ಬೆರೆಸಿ 450 ಡಿಗ್ರಿಯ ಮೇಲೆ ಎರಚಿದರೆ ಅದೇ ಆಗುತ್ತದೆ. ಆದರೆ ಹೈಡ್ರೋಜನ್ ಫ್ಲೋರೈಡ್ ಆವಿಯ ಅಪಾಯವಿರುವುದರಿಂದ ಗಾಳಿ ಚೆನ್ನಾಗಿ ಎಳೆಯುವ ಹುಡ್ ಮತ್ತು ಮೇಲ್ವಿಚಾರಣೆ ಇಲ್ಲದೆ ಕೈಹಾಕಬಾರದು.

ಸ್ಪಿನ್ ಕೋಟಿಂಗ್‌ನಲ್ಲಿ ಲೋಹದ ಲವಣ ಮತ್ತು ಥಯೋಯೂರಿಯಾ ಕರಗಿದ ಸಾವಯವ ದ್ರಾವಣವನ್ನು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವ ಗಾಜಿನ ಮೇಲೆ ಬಿಟ್ಟು, ಹಾಟ್ ಪ್ಲೇಟಿನಲ್ಲಿ ಒಣಗಿಸಿ, ಹೀಗೆ ಹಲವು ಸಲ ಮಾಡುತ್ತಾರೆ. ಕಂಪ್ಯೂಟರಿನ ಫ್ಯಾನ್ ಮೋಟಾರಿನಿಂದ ಯಂತ್ರ ಕಟ್ಟಿಕೊಂಡವರಿದ್ದಾರೆ. ಹನಿಯ ಬಹುಪಾಲು ಅಂಚಿನಿಂದ ಸಿಡಿದುಹೋಗುತ್ತದೆ, ದಪ್ಪ ಹೆಚ್ಚಿಸಿದಂತೆ ಬಿರುಕು ಬೀಳುತ್ತದೆ. ನಮ್ಮ ಒಣ ಹವೆ ಇದಕ್ಕೆ ಅನುಕೂಲವೇ, ಮಳೆಗಾಲದ ತೇವದಲ್ಲಿ ಪದರ ಮಂಜು ಹಿಡಿದಂತಾಗುತ್ತದೆ. ಹೈಡ್ರಜೀನ್ ಬಳಸಿ ಹೆಚ್ಚಿನ ದಕ್ಷತೆ ಪಡೆದ ವರದಿಗಳನ್ನು ಓದಿ ಅದನ್ನೇ ಅನುಸರಿಸಲು ಹೊರಡುವವರಿಗೆ ನನ್ನ ಮಾತು ಒಂದೇ: ಅದು ವಿಷ, ಸ್ಫೋಟಕ ಸ್ವಭಾವದ್ದು, ನಮ್ಮ ಪ್ರಯೋಗಾಲಯಕ್ಕೆ ತರಬೇಡಿ.

ಹೋಲಿಸುವ ಮುನ್ನ ದಪ್ಪ ಅಳೆಯಿರಿ

ಎರಡು ವಿಧಾನಗಳ ಪದರಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ಹೇಳಬೇಕಾದರೆ ಅವುಗಳ ದಪ್ಪ ಒಂದೇ ಇರಬೇಕು, ಇಲ್ಲವೇ ದಪ್ಪವೆಷ್ಟೆಂದು ಗೊತ್ತಿರಬೇಕು. ತೂಕದಿಂದ ಅಳೆಯುವುದು ಅಗ್ಗದ ದಾರಿ: ಪದರದ ತೂಕವನ್ನು ಸಾಂದ್ರತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಆದರೆ ಸ್ಲೈಡಿನ ಒಂದು ಮೈಯ ಮೇಲಿನ 100 ನ್ಯಾನೊಮೀಟರ್ ಕ್ಯಾಡ್ಮಿಯಂ ಸಲ್ಫೈಡಿನ ತೂಕ ಸುಮಾರು 0.9 ಮಿಲಿಗ್ರಾಂ ಮಾತ್ರ. 0.1 ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ತಪ್ಪು ಇದ್ದೇ ಇರುತ್ತದೆ, ಒಂದು ಬೆರಳಚ್ಚು ಬಿದ್ದರೂ ಅಂಕಿ ಕೆಡುತ್ತದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಚಿಮಟದಲ್ಲಿ ಹಿಡಿದು, ಮೂರು ಸಲ ತೂಗಿ. ಅಂಟಿಕೊಂಡಿರುವ ಗಟ್ಟಿತನಕ್ಕೆ ಸೆಲ್ಲೋಟೇಪ್ ಒತ್ತಿ ಕೀಳುವ ಪರೀಕ್ಷೆ ಸಾಕು. ಎಕ್ಸ್-ರೇ ವಿವರ್ತನೆಗೆ ಮಾದರಿಗಳನ್ನು ಧಾರವಾಡಕ್ಕೋ ಬೆಂಗಳೂರಿಗೋ ಕಳಿಸುವ ಮುನ್ನ ಈ ಎರಡು ಜರಡಿಯಲ್ಲಿ ಅವನ್ನು ಸೋಸಿಕೊಂಡರೆ ಹಣವೂ ಸಮಯವೂ ಉಳಿಯುತ್ತದೆ.

ಗಸಿಯನ್ನು ಎಲ್ಲಿಗೆ ಕಳಿಸುತ್ತೀರಿ?

ಈ ಪ್ರಶ್ನೆಯನ್ನು ನಾನು ಕೊನೆಗೆ ಕೇಳುತ್ತಿದ್ದರೂ ಆಯ್ಕೆಯಲ್ಲಿ ಇದೇ ಮೊದಲು ಬರಬೇಕು. ತುಂಗಭದ್ರೆಯ ಕಾಲುವೆಗಳು ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳ ಭತ್ತದ ಗದ್ದೆಗಳಿಗೆ ನೀರುಣಿಸುತ್ತವೆ. ಭತ್ತದ ಬೇರು ಕ್ಯಾಡ್ಮಿಯಂ ಅನ್ನು ಮಣ್ಣಿನಿಂದ ಎಳೆದು ಕಾಳಿಗೆ ಸಾಗಿಸಬಲ್ಲದು. ಜಪಾನಿನ ತೊಯಾಮಾ ಪ್ರಾಂತದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಝು ನದಿಯ ಮೂಲಕ ಗದ್ದೆಗಳಿಗೆ ಸೇರಿ, ಅನ್ನ ಉಂಡವರ ಮೂಳೆಗಳು ಮುರಿಯುವಂತಾದ "ಇತಾಯಿ ಇತಾಯಿ" ರೋಗವನ್ನು ಆ ದೇಶದ ಸರ್ಕಾರ 1968ರಲ್ಲಿ ಮಾಲಿನ್ಯದ ಕಾಯಿಲೆಯೆಂದು ಒಪ್ಪಿಕೊಂಡಿತು. ನಮ್ಮ ಬೀಕರಿನ ಗಸಿ ಗಣಿಯ ಪ್ರಮಾಣದ್ದಲ್ಲ, ನಿಜ. ಆದರೆ ನೂರು ಮಿಲಿಗ್ರಾಂ ಕ್ಯಾಡ್ಮಿಯಂ ಅನ್ನು ಸಿಂಕಿನಲ್ಲಿ ಸುರಿಯಲು ಅದು ಸಮರ್ಥನೆಯಾಗಲಾರದು. ಬಾತ್ ಮುಗಿದ ಮೇಲೆ ಉಳಿದ ಲೋಹವನ್ನೂ ಸೋಡಿಯಂ ಸಲ್ಫೈಡ್ ಹಾಕಿ ಪೂರ್ತಿ ಗಸಿಯಾಗಿಸಿ, ಸೋಸಿ, ಹೆಸರು ಮತ್ತು ದಿನಾಂಕ ಬರೆದ ಬಾಟಲಿಯಲ್ಲಿ ಕೂಡಿಡಬೇಕು. ಅದಕ್ಕೆ ಎಂದೂ ಆಮ್ಲ ತಾಗಿಸಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವವರಿಗೆ ಅದನ್ನು ಒಪ್ಪಿಸಬೇಕು. ಈ ವ್ಯವಸ್ಥೆ ಆಗುವವರೆಗೆ ಕ್ಯಾಡ್ಮಿಯಂ, ಸೀಸದ ಬಾಟಲಿ ತೆರೆಯಬೇಡಿ.

ಇಷ್ಟನ್ನು ಮುಂದಿಟ್ಟುಕೊಂಡು ನಾನು ವಿದ್ಯಾರ್ಥಿಗಳನ್ನು ಹೀಗೆ ಕಳಿಸುತ್ತೇನೆ. ಒಳ್ಳೆಯ ಹುಡ್, ತ್ಯಾಜ್ಯದ ವ್ಯವಸ್ಥೆ ಎರಡೂ ಇದ್ದು ಸೌರಕೋಶಕ್ಕೆ ತೆಳ್ಳನೆಯ ಕಿಟಕಿ ಪದರ ಬೇಕಾದವರಿಗೆ ಕೆಮಿಕಲ್ ಬಾತ್; ಮೊದಲ ತಿಂಗಳು ಅದನ್ನು ಸತುವಿನ ಸಲ್ಫೈಡಿನಲ್ಲೇ ಕಲಿಯಲಿ. ಜನರೇಟರ್ ಇದ್ದು, ಬಿಸಿಲು ಹೀರುವ ದಪ್ಪ ಪದರ ಅಥವಾ ಬೇರೆ ಲೋಹ ಬೆರೆಸಿದ ಸರಣಿ ಬೇಕಾದವರಿಗೆ ತವರ ಇಲ್ಲವೇ ತಾಮ್ರ-ಸತು-ತವರದ ಸ್ಪ್ರೇ. ತವರದ ಸಲ್ಫೈಡನ್ನು ಎರಚುವ ಬಗ್ಗೆ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಿಂದ ಬಂದ ಲೇಖನಗಳನ್ನು ಅವರು ಮೊದಲು ಓದಲಿ. ಪೊಟೆನ್ಷಿಯೋಸ್ಟಾಟ್ ಈಗಾಗಲೇ ಇರುವ ರಸಾಯನಶಾಸ್ತ್ರ ವಿಭಾಗದವರು ಎಲೆಕ್ಟ್ರೋಡೆಪೊಸಿಷನ್ ಬಿಟ್ಟು ಬೇರೆಯದನ್ನು ಹುಡುಕುವ ಅಗತ್ಯವಿಲ್ಲ. ಇದಾವುದೂ ಇಲ್ಲದ, ತಾಲೂಕು ಕೇಂದ್ರದ ಪದವಿ ಕಾಲೇಜಿನ ಅಧ್ಯಾಪಕರು ಕೇಳಿದರೆ ತಾಮ್ರದ ಸಲ್ಫೈಡಿನ ಸಿಲಾರ್ ಎನ್ನುತ್ತೇನೆ. ಮೈಲುತುತ್ತ ಎಲ್ಲೆಡೆ ಸಿಗುತ್ತದೆ, ಪದರದ ಬಣ್ಣ ಹತ್ತನೆಯ ಸುತ್ತಿಗೇ ಕಣ್ಣಿಗೆ ಕಾಣುತ್ತದೆ, ಇಪ್ಪತ್ತು, ನಲವತ್ತು, ಅರವತ್ತು ಸುತ್ತಿನ ಸ್ಲೈಡುಗಳನ್ನು ಸಾಲಾಗಿ ಜೋಡಿಸಿ ಮಲ್ಟಿಮೀಟರಿನಲ್ಲಿ ರೋಧ ಅಳೆದರೆ ಒಂದು ಮಧ್ಯಾಹ್ನದಲ್ಲಿ ವಿದ್ಯಾರ್ಥಿಗಳ ಕೈಗೆ ತಮ್ಮದೇ ನಕ್ಷೆ ಸಿಗುತ್ತದೆ. ಸೋಡಿಯಂ ಸಲ್ಫೈಡ್ ಬೀಕರ್ ತೆರೆದ ಕಿಟಕಿಯ ಪಕ್ಕದಲ್ಲಿರಲಿ, ಆಮ್ಲದ ಬಾಟಲಿಗಳು ಆ ದಿನ ಬೇರೆ ಕೋಣೆಯಲ್ಲಿರಲಿ, ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಆ ಹೊತ್ತಿನ ಕೋಣೆಯ ತಾಪಮಾನ ಬರೆದಿರಲಿ.